ಲೆಕ್ಕಕ್ಕೆ ಸಿಗದ ಹೂವು

ನ್ಯೂಜೆರ್ಸಿಯ ನಮ್ಮ ಆಫೀಸಿನಿಂದ ಪ್ರತಿ ಡಿಸೆಂಬರಿನಲ್ಲಿ ಗ್ರಾಹಕ ಕಂಪನಿಗಳವರಿಗೆ ಹೂಗುಚ್ಛ ಹೋಗುತ್ತದೆ. ಪಟ್ಟಿ ಮಾಡುವವನು ನಾನೇ. ಇಂಥ ಉಡುಗೊರೆಯಲ್ಲಿ ಒಬ್ಬರಿಗೆ ವರ್ಷಕ್ಕೆ 25 ಡಾಲರನ್ನಷ್ಟೇ ಅಮೆರಿಕದ ತೆರಿಗೆ ಕಾನೂನು ಖರ್ಚೆಂದು ಒಪ್ಪುತ್ತದೆ. 1962ರಲ್ಲಿ ಹಾಕಿದ ಮಿತಿ ಇಂದಿಗೂ ಅದೇ. ಪಡೆದವರೊಡನೆ ವ್ಯವಹಾರದ ಸಂಬಂಧವೇನೆಂದೂ ಬರೆದಿಡಬೇಕು.

ಕಳೆದ ವರ್ಷ ಒಂದು ಹೆಸರು ತೆಗೆದೆ. ಹತ್ತು ವರ್ಷ ನಮ್ಮೊಡನೆ ವ್ಯವಹರಿಸಿದ್ದ ಆಕೆ ಕೆಲಸ ಕಳೆದುಕೊಂಡಿದ್ದರು. ‘ಸಂಬಂಧ’ ಎಂಬಲ್ಲಿ ಬರೆಯಲು ಏನೂ ಉಳಿದಿರಲಿಲ್ಲ. ಇಷ್ಟು ದಿನ ಹೂವು ಹೋಗುತ್ತಿದ್ದದ್ದು ಆಕೆಗಲ್ಲ, ಆಕೆ ಕೂತಿದ್ದ ಕುರ್ಚಿಗೆ ಎಂದು ಆಗ ಹೊಳೆಯಿತು.

ಹಾಗಾದರೆ ವ್ಯಾಪಾರ ಬೆರೆತ ಹೂವೆಲ್ಲ ಸುಳ್ಳೇ? ಮೈಸೂರಿನಲ್ಲಿ ಅಮ್ಮ ಮಲ್ಲಿಗೆ ಕೊಳ್ಳುವಾಗ ಹೂವಾಡಗಿತ್ತಿ ಮೊಳ ಅಳೆದು, ಮೇಲೆ ನಾಲ್ಕು ಬೆರಳು ಕೊಸರು ಹಾಕುತ್ತಿದ್ದಳು. ನಾಳೆಯೂ ತನ್ನ ಹತ್ತಿರವೇ ಕೊಳ್ಳಲಿ ಎಂಬ ಆಸೆ ಅವಳಿಗೂ ಇತ್ತು. ಆದರೆ ಅಮ್ಮ ಕಾಯಿಲೆ ಮಲಗಿ ತಿಂಗಳುಗಟ್ಟಲೆ ಕೊಳ್ಳದಿದ್ದಾಗ, ಸ್ಕೂಲಿನಿಂದ ಬರುತ್ತಿದ್ದ ನನ್ನನ್ನು ನಿಲ್ಲಿಸಿ, “ಅಮ್ಮಾವ್ರಿಗೆ ಕೊಡಪ್ಪ” ಎಂದು ಹೂವು ಕೊಟ್ಟಿದ್ದಳು. ಕಾಸು ಕೇಳಲಿಲ್ಲ.

ಲಾಭದ ಆಸೆ ತಪ್ಪಲ್ಲ. ಲಾಭ ನಿಂತ ದಿನವೇ ಹೂವೂ ನಿಂತರೆ ಅದು ಉಡುಗೊರೆಯಲ್ಲ, ಕಂತು.

ಈ ಡಿಸೆಂಬರಿನಲ್ಲಿ ವಿಳಾಸ ಕೇಳಿಕೊಂಡು ಆಕೆಯ ಮನೆಗೆ ನನ್ನ ದುಡ್ಡಿನಲ್ಲೇ ಹೂವು ಕಳಿಸಿದೆ. ಒಂದು ವರ್ಷ ತಡವಾಗಿತ್ತು.