ಓಲೆಯ ಕಟ್ಟಿಗೆ ಒಡೆಯರಾರು?

ಪುತ್ತೂರು, ಸುಳ್ಯ, ಕಡಬ ಸೀಮೆಯ ಹಳೆಯ ಮನೆತನಗಳಲ್ಲಿ ತುಳುಲಿಪಿಯ ತಾಳೆಯೋಲೆಯ ಕಟ್ಟುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ನವರಾತ್ರಿಯ ಶಾರದಾಪೂಜೆಗೆ ಅವನ್ನು ಅಟ್ಟದಿಂದಿಳಿಸಿ, ಗಂಧಪುಷ್ಪಾಕ್ಷತೆಗಳಿಂದ ಅರ್ಚಿಸಿ, ವಿಸರ್ಜನೆಯಾದೊಡನೆ ಪುನಃ ಅಟ್ಟಕ್ಕೇರಿಸುವುದುಂಟು. ಕಟ್ಟನ್ನು ಬಿಚ್ಚಿ ಓದಬಲ್ಲವರು ಮಾತ್ರ ಮನೆಯಲ್ಲಿ ದುರ್ಲಭ. ಇಂತಹ ಗ್ರಂಥವನ್ನು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರಕ್ಕೆ ಕೊಡಬಹುದೆ, ಕೊಡಬಾರದೆ ಎಂಬುದು ಆ ಮನೆಗಳಿಗೆ ಸಣ್ಣ ಪ್ರಶ್ನೆಯಲ್ಲ. ಹಿರಿಯರು ಇಟ್ಟುಹೋದುದನ್ನು ಪರರ ಕೈಗೊಪ್ಪಿಸುವುದು ಪಿತೃದ್ರೋಹವೆಂದು ತಂದೆಯೂ, ಗೆದ್ದಲಿಗೆ ಒಪ್ಪಿಸುವುದು ಯಾವ ಪಿತೃಭಕ್ತಿಯೆಂದು ಮಗನೂ ವಾದಿಸಿದರೆ, ಇಬ್ಬರ ಮಾತಿನಲ್ಲಿಯೂ ಧರ್ಮದ ಅಂಶವಿದೆ.

ವೇದವು ಹೇಳುವ ಮೂರು ಋಣಗಳಲ್ಲಿ ದೇವಋಣವು ಯಜ್ಞದಿಂದಲೂ, ಪಿತೃಋಣವು ಸಂತಾನದಿಂದಲೂ, ಋಷಿಋಣವು ಬ್ರಹ್ಮಚರ್ಯದಿಂದ, ಎಂದರೆ ಅಧ್ಯಯನದಿಂದಲೂ ತೀರತಕ್ಕವು. ಗದ್ದೆ, ತೋಟ, ಕಂಚಿನ ಪಾತ್ರೆಗಳಂತೆ ಓಲೆಯ ಕಟ್ಟೂ ಪಿತ್ರಾರ್ಜಿತವೆಂಬುದೇನೋ ನಿಜ. ಆದರೆ ಓಲೆ ಪಿತ್ರಾರ್ಜಿತವೇ ಹೊರತು, ಅದರಲ್ಲಿ ಕಂಟದಿಂದ ಕೊರೆದ ವಾಕ್ಯವು ಅಜ್ಜನ ಸ್ವತ್ತಾಗಿರಲಿಲ್ಲ. ಅವನೂ ಮತ್ತೊಬ್ಬರ ಕಟ್ಟನ್ನು ಎರವಲು ತಂದು, ತಿಂಗಳುಗಟ್ಟಲೆ ಕುಳಿತು ಪ್ರತಿ ಮಾಡಿಕೊಂಡವನು. ಅಂದು ಆ ಮನೆಯವರು ಇಲ್ಲವೆಂದಿದ್ದರೆ ಇಂದು ಪೂಜಿಸಲು ಕಟ್ಟೇ ಇರುತ್ತಿರಲಿಲ್ಲ.

ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ಪ್ರಾರ್ಥನೆಯೊಂದು ಪ್ರಸಿದ್ಧವಾಗಿದೆ. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ಕಾಪಾಡಬೇಕೆಂದೂ, ಮೂರ್ಖನ ಕೈಗೆ ಕೊಡಬಾರದೆಂದೂ ಪುಸ್ತಕವೇ ಬೇಡಿಕೊಳ್ಳುತ್ತದೆ. ಕೊಡಲೊಲ್ಲದವರು ಇದನ್ನೇ ಪ್ರಮಾಣವಾಗಿ ಹಿಡಿಯುತ್ತಾರೆ. ಆದರೆ ಇಲ್ಲಿ ಮೂರ್ಖನಾರು? ಪುಸ್ತಕದ ದೃಷ್ಟಿಯಿಂದ ಓದದವನೇ ಮೂರ್ಖನು. ಹಾಗಾದರೆ ಅದು ಈಗಾಗಲೇ ಯಾರ ಕೈಯಲ್ಲಿದೆಯೆಂಬುದನ್ನು ಗೃಹಸ್ಥರೇ ಯೋಚಿಸತಕ್ಕದ್ದು. ಹಿಂದೆ ಅಟ್ಟವೇ ತಕ್ಕ ಭಂಡಾರವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಅಡಿಗೆಯೊಲೆಯ ಹೊಗೆಯು ತೇವವನ್ನೂ ಹುಳುವನ್ನೂ ದೂರವಿಡುತ್ತಿತ್ತು. ಗ್ಯಾಸಿನ ಒಲೆ ಬಂದ ಮೇಲೆ ಹೊಗೆ ಹೋಯಿತು, ಹುಳು ಉಳಿಯಿತು.

ಕೊಟ್ಟುದರಿಂದ ಏನಾಯಿತೆಂಬುದಕ್ಕೆ ಮೈಸೂರಿನ ನಿದರ್ಶನವೊಂದು ಸಾಕು. 1891ರಲ್ಲಿ ಅಲ್ಲಿ ಪ್ರಾಚ್ಯ ಪುಸ್ತಕಾಲಯವು ಸ್ಥಾಪಿತವಾಯಿತು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಸೇರಿ, ಪ್ರಾಚ್ಯವಿದ್ಯಾ ಸಂಶೋಧನಾಲಯವೆನಿಸಿಕೊಂಡಿರುವುದು ಅದೇ. ತಂಜಾವೂರು ಜಿಲ್ಲೆಯ ಪಂಡಿತನೊಬ್ಬನು ಅಲ್ಲಿಗೆ ಗ್ರಂಥಲಿಪಿಯ ಒಂದು ಕಟ್ಟನ್ನು ಒಪ್ಪಿಸಿದನು. ಆರ್. ಶಾಮಶಾಸ್ತ್ರಿಗಳು ಅದನ್ನೋದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1905ರಿಂದ ಅದರ ಭಾಗಗಳನ್ನು ಪ್ರಕಟಿಸತೊಡಗಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚುಹಾಕಿಸಿದರು. ಅದುವರೆಗೆ ವಿದ್ವಾಂಸರು ಆ ಗ್ರಂಥವನ್ನು ಅನ್ಯರ ಉಲ್ಲೇಖಗಳಿಂದಷ್ಟೇ ಬಲ್ಲವರಾಗಿದ್ದರು. ಆ ಪಂಡಿತನು ಕೊಡದಿದ್ದರೆ ಅರ್ಥಶಾಸ್ತ್ರವೇ ಲೋಪವಾಗುತ್ತಿತ್ತೆಂದು ಹೇಳುವುದು ಅತಿಶಯೋಕ್ತಿ. ಮುಂದೆ ಬೇರೆ ಪ್ರತಿಗಳೂ ದೊರೆತು, ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು ತಮ್ಮದೇ ಆವೃತ್ತಿಯನ್ನು ಹೊರತಂದರು. ಆದರೂ ಮೊದಲು ಕೊಟ್ಟವನು ಕೊಟ್ಟದ್ದರಿಂದಲೇ ಏನನ್ನು ಹುಡುಕಬೇಕೆಂಬುದು ಉಳಿದವರಿಗೆ ತಿಳಿಯಿತು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ತುಳುವಿನಲ್ಲಿ ಪ್ರಾಚೀನ ಕಾವ್ಯವೇ ಇಲ್ಲವೆಂಬ ಮಾತು ಬಹುಕಾಲ ನಡೆದಿತ್ತು. ಕಾಸರಗೋಡು ಸೀಮೆಯ ವೆಂಕಟರಾಜ ಪುಣಿಂಚತ್ತಾಯರು ತುಳುಲಿಪಿಯ ಓಲೆಗಳನ್ನು ಹುಡುಕಿ ಓದಿ, ವಿಷ್ಣುತುಂಗನ ‘ಶ್ರೀಭಾಗವತೊ’ ಮುಂತಾದುವನ್ನು ಬೆಳಕಿಗೆ ತಂದ ಬಳಿಕ ಆ ಮಾತು ನಿಂತಿತು.

ಆದರೆ ಭಂಡಾರಕ್ಕೆ ಸೇರಿದ ಮಾತ್ರಕ್ಕೆ ಋಷಿಋಣವು ತೀರದು. ಪಟ್ಟಿಯಲ್ಲಿ ಬಾರದೆ ಕಬ್ಬಿಣದ ಕಪಾಟಿನಲ್ಲಿ ಬಿದ್ದಿರುವ ಕಟ್ಟಿಗೂ ಅಟ್ಟದ ಕಟ್ಟಿಗೂ ಏನು ಭೇದ? ಅಟ್ಟದಲ್ಲಿ ವರ್ಷಕ್ಕೊಮ್ಮೆ ಹೂವಾದರೂ ಬೀಳುತ್ತಿತ್ತು. ಆದಕಾರಣ ಬೇಡುವವರಿಗೂ ಹೊಣೆಯುಂಟು: ಗ್ರಂಥದ ಹೆಸರನ್ನು ಪಟ್ಟಿಯಲ್ಲಿ ಪ್ರಕಟಿಸುವುದು, ಕೇಳಿ ಬಂದವರಿಗೆ ತೋರಿಸುವುದು, ಕೊಟ್ಟ ಮನೆಗೆ ಒಂದು ಪ್ರತಿಯನ್ನು ಮರಳಿಸುವುದು. ಅಜ್ಜನಿಗೆ ತಿಂಗಳುಗಳು ಹಿಡಿದ ಪ್ರತಿಯು ಇಂದು ಛಾಯಾಚಿತ್ರದಿಂದ ಒಂದೆರಡು ದಿನಗಳಲ್ಲಿ ಸಿದ್ಧವಾಗುವುದರಿಂದ, ಓಲೆಯನ್ನು ಕೊಡದೆಯೂ ವಾಕ್ಯವನ್ನು ಕೊಡುವುದು ಸಾಧ್ಯವಾಗಿದೆ. ಓದಿ ಜೋಪಾನಮಾಡುವವರಿರುವ ಮನೆಯಲ್ಲಿ ಓಲೆಯು ಅಲ್ಲಿಯೇ ಇರಲಿ. ಛಾಯಾಪ್ರತಿಯಷ್ಟೇ ಹೊರಗೆ ಹೋಗಲಿ. ಅಂತಹವರಿಲ್ಲದಲ್ಲಿ ಓಲೆಯೂ ಹೋಗುವುದೇ ಲೇಸು. ಮುಂದಿನ ನವರಾತ್ರಿಯ ಪೂಜೆಗೆ ಛಾಯಾಪ್ರತಿಯನ್ನಿಟ್ಟರೆ ಶಾರದೆಯು ಮುನಿಯುವಳೆಂದು ಯಾವ ಶಾಸ್ತ್ರವೂ ಹೇಳಿದಂತಿಲ್ಲ. ಕೊಟ್ಟ ಮನೆಯ ಹೆಸರನ್ನಂತೂ ಪಟ್ಟಿಯಲ್ಲಿ ಬರೆಯಲೇಬೇಕು. ಅರ್ಥಶಾಸ್ತ್ರವನ್ನಿತ್ತವನನ್ನು ಲೋಕವು ಇಂದಿಗೂ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತನೆಂದಷ್ಟೇ ಬಲ್ಲದು.