ಅಜ್ಜನನ್ನೇ ಕೇಳಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ದವಾಖಾನೆಗಳಲ್ಲಿ ಇದು ದಿನವೂ ಕಾಣುವ ನೋಟ. ಡಾಕ್ಟರು ಅಜ್ಜನನ್ನು ಕೇಳುತ್ತಾರೆ, ಉತ್ತರ ಮಗನಿಂದ ಬರುತ್ತದೆ: 'ಅವ್ರಿಗೇನ್ ನೆನಪಿರಲ್ರಿ ಸರ, ನನ್ನ ಕೇಳ್ರಿ.' ತಾರೀಖು ಎಷ್ಟೆಂದರೆ ಅಜ್ಜ ತಡವರಿಸಬಹುದು. 'ಕಾರ ಹುಣ್ಣಿಮಿ ಆಗಿ ನಾಕ್ ದಿನ ಆತಲ್ರಿ' ಎಂದರೆ? ಮಳೆ, ಹುಣ್ಣಿಮೆಗಳ ಲೆಕ್ಕದಲ್ಲೇ ಬದುಕಿದ ರೈತನಿಗೆ ತಾರೀಖೆಂದರೆ ಅದೇ.

ನೆನಪು ಕುಂದಿಸುವ ಡಿಮೆನ್ಶಿಯಾ ಮುಪ್ಪಿನ ಅರಳುಮರಳಲ್ಲ, ಮಿದುಳಿನ ಕಾಯಿಲೆ. 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದೆ. ನಿಮ್ಹಾನ್ಸ್ ತಜ್ಞರು ನೆನಪಿನ ಪರೀಕ್ಷೆಗಳನ್ನು ಕನ್ನಡಕ್ಕೆ ಒಗ್ಗಿಸಿದ್ದಾರೆ.

ಮುಂದಿನ ಹೆಜ್ಜೆ, ಸಂಶೋಧನೆಯ ಪ್ರಶ್ನೆ ರೂಪಿಸುವಾಗಲೇ ಕಾಯಿಲೆಯವರನ್ನು ಜೊತೆಗೆ ಕೂರಿಸಿಕೊಳ್ಳುವುದು. ಸ್ಕಾಟ್ಲೆಂಡಿನಲ್ಲಿ ಡಿಮೆನ್ಶಿಯಾ ಇರುವವರೇ 2002ರಲ್ಲಿ ತಮ್ಮದೊಂದು ಗುಂಪು ಕಟ್ಟಿಕೊಂಡರು. ಇಂಗ್ಲೆಂಡಿನ ವೆಂಡಿ ಮಿಚೆಲ್, 58ನೇ ವಯಸ್ಸಿನಲ್ಲಿ ಈ ಕಾಯಿಲೆ ಪತ್ತೆಯಾದ ಮೇಲೂ ಸಂಶೋಧಕರ ಜೊತೆ ದುಡಿದರು, ಪುಸ್ತಕ ಬರೆದರು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಅಂಗವಿಕಲರ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ಅಂಗವಿಕಲರೋ ಅವರ ಸಂಘಟನೆಯವರೋ ಆಗಿರಬೇಕು ಎನ್ನುತ್ತದೆ.

ಏಕೆಂದರೆ ಕೆಲವು ಸಂಗತಿ ಕಾಯಿಲೆ ಇರುವವರಿಗಷ್ಟೇ ಗೊತ್ತು. ಸಿಂಧನೂರಿನ ನೀರಾವರಿ ಸೀಮೆಯಲ್ಲಿ ಎತ್ತ ನೋಡಿದರೂ ಅದೇ ಭತ್ತದ ಗದ್ದೆ, ಅದೇ ಕಾಲುವೆ ಏರಿ. ಮರೆವು ಶುರುವಾದವರು ಮನೆ ದಾರಿಗೆ ಯಾವ ಗುರುತು ಹಿಡಿಯುತ್ತಾರೆ? ಹಟ್ಟಿ ಗಣಿಯಿಂದ ನಿವೃತ್ತನಾದವನೊಬ್ಬ ನಡುರಾತ್ರಿ ಪಾಳಿಗೆ ಹೊರಟು ನಿಂತರೆ ಅವನನ್ನು ಎಬ್ಬಿಸಿದ್ದು ಏನು? ಮನೆಯವರು ಊಹಿಸಬಹುದು, ಅಷ್ಟೇ.

ಕಷ್ಟವಿಲ್ಲವೆಂದಲ್ಲ. ನಿನ್ನೆ ಒಪ್ಪಿದ್ದು ಇಂದು ಮರೆತಿರುತ್ತದೆ. ಹಾಗಾಗಿ ಪ್ರತಿ ಸಲ ಹೊಸದಾಗಿ ಒಪ್ಪಿಗೆ ಕೇಳಬೇಕು. ಮುಖ ತಿರುಗಿಸಿದರೆ ಬ್ಯಾಡ ಎಂದೇ ಅರ್ಥ. ದಣಿಯುವ ಮೊದಲೇ ಮಾತು ಮುಗಿಸಬೇಕು, ಕಂಡುಕೊಂಡದ್ದನ್ನು ಮರಳಿ ಬಂದು ತಿಳಿಸಬೇಕು. ಮಗನ ನೆರವು ಬೇಕು. ಆದರೆ ಅವನ ಸರದಿ ಅಜ್ಜನದು ಮುಗಿದ ಮೇಲೆ.

ಸಂಶೋಧಕರು ನಮ್ಮ ಊರುಗಳಿಗೆ ಬರುವುದು ತಡವಾದೀತು. ಊಟ, ಹೊಲ, ರೊಕ್ಕದ ವಿಷಯದಲ್ಲಿ ಅಜ್ಜನ ಮಾತು ಕೇಳಿ ಮುಂದುವರಿಯಲು ಅವರು ಬರುವ ತನಕ ಕಾಯಬೇಕಿಲ್ಲ.