ಹಳೇ ಕಂಪ್ಯೂಟರಿಗೆ ಯಾವ ಕಾವಲು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಅಂದಿನಿಂದ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ, ಡಿಟಿಪಿ ಸೆಂಟರುಗಳಲ್ಲಿ, ಕೊರೊನಾ ಕಾಲದಲ್ಲಿ ಮಕ್ಕಳ ಪಾಠಕ್ಕೆಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತಿದೆ: ಯಂತ್ರ ಚೆನ್ನಾಗಿಯೇ ಓಡುತ್ತಿದೆ, ಈಗ ಇದನ್ನು ಏನು ಮಾಡುವುದು? ವಿಂಡೋಸ್ 11 ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳನ್ನು, ಬೆರಳೆಣಿಕೆಯಷ್ಟನ್ನು ಬಿಟ್ಟರೆ, ಒಪ್ಪುವುದೇ ಇಲ್ಲ. ಹೊಸದನ್ನು ಕೊಳ್ಳುವುದು ಎಲ್ಲರ ಕೈಗೆಟುಕುವ ಮಾತಲ್ಲ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಅಂಗಡಿಯವರದು ಒಂದು: "ಒಳ್ಳೇ ಆಂಟಿವೈರಸ್ ಹಾಕಿಸಿಬಿಡಿ ಸಾರ್, ಏನೂ ಆಗಲ್ಲ." ಇಂಜಿನಿಯರಿಂಗ್ ಓದುವ ಹುಡುಗರದು ಇನ್ನೊಂದು: "ಲಿನಕ್ಸ್ ಹಾಕ್ಕೊಳ್ಳಿ ಅಂಕಲ್, ಅದಕ್ಕೆ ವೈರಸ್ಸೇ ಬರಲ್ಲ." ಎರಡೂ ಸದುದ್ದೇಶದ ಮಾತುಗಳೇ. ಆದರೆ ಎರಡರಲ್ಲೂ ಸತ್ಯ ಅರ್ಧ ಮಾತ್ರ. ಉಳಿದರ್ಧ ಗೊತ್ತಿಲ್ಲದೆ ನಿರ್ಧಾರ ಮಾಡಿದರೆ ನಷ್ಟ ನಮ್ಮದೇ.

ಮೊದಲು ಅಂಗಡಿಯವರ ಮಾತು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೇನ್' ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಹರಿದಾಡಿತು. ಆಮೇಲೆ ಪೆನ್‌ಡ್ರೈವ್ ಬಂತು. ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ಟುಗಳು ಉಳಿದಿರುತ್ತಿದ್ದ ಕಾಲ ಅನೇಕರಿಗೆ ನೆನಪಿರಬೇಕು. ಆಗ ಆಂಟಿವೈರಸ್ ನಿಜವಾಗಿಯೂ ಉಪಕಾರ ಮಾಡಿತು. ಗೊತ್ತಿರುವ ವೈರಸ್ಸುಗಳ ಗುರುತುಗಳನ್ನು ಪಟ್ಟಿ ಮಾಡಿಟ್ಟುಕೊಂಡು, ಬರುವ ಪ್ರತಿ ಕಡತವನ್ನೂ ಅದರೊಂದಿಗೆ ಹೋಲಿಸಿ ನೋಡುವುದು ಅದರ ಮೂಲ ಕೆಲಸ. ಈಗ ಅದಕ್ಕೆ ಸಂಶಯಾಸ್ಪದ ನಡವಳಿಕೆಯನ್ನು ಪತ್ತೆ ಮಾಡುವ ಉಪಾಯಗಳೂ ಸೇರಿವೆ.

ಆದರೆ ಆಪರೇಟಿಂಗ್ ಸಿಸ್ಟಮ್ಮಿನಲ್ಲೇ ಲೋಪವಿದ್ದಾಗ ಈ ಪಟ್ಟಿಯನ್ನು ನೆಚ್ಚಿಕೊಂಡು ಕೂರುವಂತಿಲ್ಲ. 2017ರ ಮೇ 12ರಂದು 'ವಾನಾಕ್ರೈ' ಎಂಬ ಸುಲಿಗೆ ತಂತ್ರಾಂಶ ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳನ್ನು ಹೊಕ್ಕು ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ವಿಂಡೋಸ್‌ನಲ್ಲಿ ಕಡತಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯ ಒಂದು ಲೋಪವೇ ಅದಕ್ಕೆ ದಾರಿ. ಆ ಲೋಪಕ್ಕೆ ತೇಪೆಯನ್ನು ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲೇ, ಎರಡು ತಿಂಗಳು ಮುಂಚೆಯೇ, ಕೊಟ್ಟಿತ್ತು. ಅದನ್ನು ಹಾಕಿಕೊಂಡಿದ್ದವರ ಕಂಪ್ಯೂಟರಿಗೆ ವಾನಾಕ್ರೈ ಈ ದಾರಿಯಿಂದ ನುಗ್ಗಲಾಗಲಿಲ್ಲ. ಅಪ್‌ಡೇಟನ್ನು ನಾಳೆಗೆ, ನಾಡಿದ್ದಿಗೆ ತಳ್ಳುತ್ತ ಬಂದವರು ಸಿಕ್ಕಿಬಿದ್ದರು.

ಈ ಬೆಳಕಿನಲ್ಲಿ ವಿಂಡೋಸ್ 10ರ ಸ್ಥಿತಿಯನ್ನು ನೋಡಿ. ಅದರೊಳಗಿನ ಡಿಫೆಂಡರ್ ಆಂಟಿವೈರಸ್‌ಗೆ 2028ರ ಅಕ್ಟೋಬರ್‌ವರೆಗೂ ಹೊಸ ಪಟ್ಟಿಗಳು ಬರುತ್ತಿರುತ್ತವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಸಿಸ್ಟಮ್ಮಿನ ಲೋಪಗಳಿಗೆ ತಾನಾಗಿ ಬರುತ್ತಿದ್ದ ತೇಪೆಗಳು ಮಾತ್ರ ನಿಂತಿವೆ. ಹಿತ್ತಲ ಗೋಡೆ ಬಿದ್ದ ಮನೆಗೆ ಮುಂಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದಂತೆ ಇದು. ದುಡ್ಡು ಕೊಟ್ಟು ಇನ್ನೊಂದು ಆಂಟಿವೈರಸ್ ತಂದರೆ ಮುಂಬಾಗಿಲಿಗೆ ಇನ್ನೊಬ್ಬ ಕಾವಲುಗಾರ ಬಂದ, ಅಷ್ಟೇ. ಮನೆಬಳಕೆಯವರಿಗಾಗಿ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಅಪ್‌ಡೇಟ್ ಯೋಜನೆಯೊಂದನ್ನು ತಂದಿತು. ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಅದಕ್ಕೆ ಹಣವನ್ನೂ ಕೇಳಲಿಲ್ಲ. ಆದರೆ ಅದು ಸ್ವಲ್ಪ ಉಸಿರಾಡಲು ಕೊಟ್ಟ ಬಿಡುವು, ಅಷ್ಟೇ.

ಭದ್ರತೆಯ ತಂತ್ರಾಂಶವೇ ಅಪಾಯ ತರಬಹುದು ಎಂಬುದನ್ನೂ ಮರೆಯಬಾರದು. ಇಂಥ ತಂತ್ರಾಂಶಗಳು ಆಪರೇಟಿಂಗ್ ಸಿಸ್ಟಮ್ಮಿನ ಗರ್ಭದಲ್ಲೇ ಕೂತು ಕೆಲಸ ಮಾಡುತ್ತವೆ. ಅಲ್ಲಿ ತಪ್ಪಾದರೆ ಇಡೀ ಯಂತ್ರವೇ ಕೆಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರ್ಣ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ವೈರಸ್ಸಿಲ್ಲ, ಹ್ಯಾಕರ್‌ ಇಲ್ಲ. ಆದರೂ ಅಷ್ಟು ಹಾನಿ. ದೊಡ್ಡ ಕಚೇರಿಗಳಿಗೆ ಇಂಥ ತಂತ್ರಾಂಶ ಬೇಕಾಗುತ್ತದೆ, ಅವರ ಲೆಕ್ಕವೇ ಬೇರೆ. ಮನೆಯ ಕಂಪ್ಯೂಟರಿಗೆ, ಅಪ್‌ಡೇಟ್ ಬರುತ್ತಿರುವ ವಿಂಡೋಸ್ ಇದ್ದರೆ, ಅದರ ಜೊತೆಗೇ ಬರುವ ಡಿಫೆಂಡರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ನಮ್ಮೂರುಗಳಲ್ಲಿ ಆ ಡಿಫೆಂಡರನ್ನೂ ಆಫ್ ಮಾಡಿಸಿರುತ್ತಾರೆ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಲೈಸೆನ್ಸ್ ಕೊಳ್ಳದೆ ವಿಂಡೋಸನ್ನೂ ಆಫೀಸನ್ನೂ ಫೋಟೋಶಾಪನ್ನೂ 'ಆಕ್ಟಿವೇಟರ್' ಹಾಕಿ ಓಡಿಸುವುದು ರೂಢಿಯಾಗಿಬಿಟ್ಟಿದೆ. ಆ ಆಕ್ಟಿವೇಟರಿನ ಸೂಚನೆಗಳಲ್ಲಿ ಮೊದಲನೆಯದೇ ಆಂಟಿವೈರಸ್ ಆಫ್ ಮಾಡಿ ಎಂಬುದು. ಯಾರು ಬರೆದರೋ, ಒಳಗೆ ಏನಿದೆಯೋ ಗೊತ್ತಿಲ್ಲದ ಒಂದು ಕಡತಕ್ಕೆ ಯಂತ್ರದ ಸಂಪೂರ್ಣ ಅಧಿಕಾರ ಕೊಟ್ಟು, ಕಾಯುವವನನ್ನೂ ಮಲಗಿಸಿದ ಮೇಲೆ ಯಾವ ಆಂಟಿವೈರಸ್ ಉತ್ತಮ ಎಂದು ಚರ್ಚಿಸಿ ಏನು ಪ್ರಯೋಜನ? ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕದಿಯುವ ತಂತ್ರಾಂಶಗಳು ಇಂಥ ಕ್ರ್ಯಾಕ್‌ಗಳ ಬೆನ್ನೇರಿಯೂ ಹರಡುತ್ತವೆ.

ಲಿನಕ್ಸ್ ನನಗೆ ಆಪ್ತವಾಗುವುದು ಇಲ್ಲಿಯೇ. ಅದಕ್ಕೆ ಕದ್ದ ಕೀಲಿ ಬೇಕಿಲ್ಲ. ಅದರ ಬಗೆಗಳಾದ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಯಾವುದನ್ನೇ ಆಗಲಿ ಉಚಿತವಾಗಿ, ಕಾನೂನುಬದ್ಧವಾಗಿ ಹಾಕಿಕೊಳ್ಳಬಹುದು. ಬೇಕಾದ ತಂತ್ರಾಂಶಗಳನ್ನು ಸಿಕ್ಕಸಿಕ್ಕಲ್ಲಿಂದ ಡೌನ್‌ಲೋಡ್ ಮಾಡಬೇಕಿಲ್ಲ. ಆಯಾ ಲಿನಕ್ಸ್‌ನ ತಂಡವೇ ಡಿಜಿಟಲ್ ಸಹಿ ಹಾಕಿ ಇಟ್ಟ ಭಂಡಾರದಿಂದ ಅವು ಬರುತ್ತವೆ, ಅಪ್‌ಡೇಟುಗಳೂ ಅಲ್ಲಿಂದಲೇ. ಪಾಸ್‌ವರ್ಡ್ ಕೊಡದೆ ಸಿಸ್ಟಮ್ಮಿನ ಕಡತಗಳನ್ನು ಮುಟ್ಟಲಾಗುವುದಿಲ್ಲ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೂ ತಾಜಾ ತೇಪೆಗಳು ಸಿಗುತ್ತಿರುತ್ತವೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳ ಹಿಂದೆಯೇ ಈ ದಾರಿ ಹಿಡಿದವು. 2019ರಲ್ಲಿ ಅಲ್ಲಿನ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟು ಆಧರಿಸಿದ ಹೊಸ ಆವೃತ್ತಿಯನ್ನು 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗಾಗಿ ಸಿದ್ಧಪಡಿಸಿತು. ಮಲಯಾಳಂ ಮಾಧ್ಯಮದ ಮಕ್ಕಳು ಅದರಲ್ಲೇ ಕಲಿಯುತ್ತಿರುವಾಗ ನಮ್ಮ ಮಕ್ಕಳಿಗೆ ಅದು ಕಷ್ಟ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ತೊಡಕುಗಳಿವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಹಳೆಯ ನುಡಿ–ಬರಹ ಫಾಂಟುಗಳಲ್ಲಿ ಪೇಜ್‌ಮೇಕರ್ ಪುಟಗಳನ್ನು ರಾಶಿ ಹಾಕಿಕೊಂಡಿರುವ ಡಿಟಿಪಿಯವರು ವಿಂಡೋಸನ್ನು ಸುಲಭವಾಗಿ ಬಿಡಲಾರರು. ಅವರು ಹೊಸ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳುವುದೇ ಸರಿ. ಆದರೆ ಯೂನಿಕೋಡ್‌ನಲ್ಲಿ ಕನ್ನಡ ಬರೆಯುವವರಿಗೆ ಚಿಂತೆಯಿಲ್ಲ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೆಜಿಪಿ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟುಗಳಿವೆ. ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ ಕಂಪ್ಯೂಟರಿಗೆ ಮಿಂಟ್ ಹಾಕಿಸಿಕೊಂಡು ಅದರಲ್ಲೇ ಊರಿನ ಇತಿಹಾಸ ಬರೆಯುತ್ತಿದ್ದಾರೆ. ಅವರಿಗೆ ಬೇಕಿದ್ದದ್ದು ಬ್ರೌಸರ್, ಬರೆಯುವ ತಂತ್ರಾಂಶ ಮತ್ತು ಪ್ರಿಂಟರ್. ಮೂರೂ ಸಿಕ್ಕವು.

ಇನ್ನು 'ಲಿನಕ್ಸ್‌ಗೆ ವೈರಸ್ ಬರಲ್ಲ' ಎಂಬ ಹುಡುಗರ ಮಾತು. ಮನೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಕಡಿಮೆ, ಹಾಗಾಗಿ ಕಳ್ಳರ ಕಣ್ಣು ಆ ಕಡೆ ಕಡಿಮೆ. ಇದು ನಿಜ. ಆದರೆ ಇಂಟರ್‌ನೆಟ್ಟಿನ ಸರ್ವರುಗಳಲ್ಲಿ ಬಹುಪಾಲು ಲಿನಕ್ಸೇ, ಅವುಗಳ ಮೇಲೆ ದಾಳಿ ನಿಂತ ದಿನವಿಲ್ಲ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಹೊಕ್ಕಿದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ, ಒಳಗೆ ಲಿನಕ್ಸ್ ಇದ್ದ ಕ್ಯಾಮೆರಾ, ರೂಟರುಗಳಿಗೇ.

2024ರ ಮಾರ್ಚ್‌ನ ಘಟನೆಯಂತೂ ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿದೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಣ್ಣ ಉಪಕರಣ ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಅದನ್ನು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ಒಬ್ಬರೇ ನೋಡಿಕೊಳ್ಳುತ್ತಿದ್ದರು. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆಂದು ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಶ್ರದ್ಧೆಯಿಂದ ಕೆಲಸ ಮಾಡಿ, ದಣಿದಿದ್ದ ಆ ಮನುಷ್ಯನ ನಂಬಿಕೆ ಗಳಿಸಿ, ಹೊಸ ಆವೃತ್ತಿಯಲ್ಲಿ ಗುಟ್ಟಾದ ಹಿಂಬಾಗಿಲೊಂದನ್ನು ಹುದುಗಿಸಿದರು. ಅದನ್ನು ಕಂಡುಹಿಡಿದದ್ದು ಆಂಟಿವೈರಸ್ ಅಲ್ಲ. ಮೈಕ್ರೋಸಾಫ್ಟ್‌ನ ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೇರೇನೋ ಪರೀಕ್ಷೆಯಲ್ಲಿದ್ದಾಗ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿರುವುದನ್ನು ಗಮನಿಸಿದರು. ಏಕೆಂದು ಬೆನ್ನುಹತ್ತಿದರು. ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಲಿನಕ್ಸ್‌ನ ಮುಖ್ಯ ಸ್ಥಿರ ಆವೃತ್ತಿಗಳಿಗೆ ಅದು ತಲುಪುವ ಮೊದಲೇ ಅನಾಹುತ ತಪ್ಪಿತು. ಎಕ್ಸ್‌ಝೆಡ್‌ನ ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದರಿಂದ ಅವರಿಗೆ ಬೆನ್ನುಹತ್ತಲು ಸಾಧ್ಯವಾಯಿತು, ಬೆನ್ನುಹತ್ತುವ ಸ್ವಭಾವ ಅವರಿಗೆ ಇದ್ದದ್ದರಿಂದ ನಾವೆಲ್ಲ ಉಳಿದೆವು. ಇಂಥ ಕೆಲಸಗಳನ್ನು ಒಂಟಿಯಾಗಿ ಹೊತ್ತವರಿಗೆ ನಮ್ಮ ಬೆಂಗಳೂರಿನ ಕಂಪನಿಗಳು ಇನ್ನೂ ಹೆಚ್ಚು ಕೈಜೋಡಿಸಬೇಕು. ಅವರ ಶ್ರಮದ ಮೇಲೆಯೇ ಈ ಊರಿನ ಸಂಪಾದನೆ ನಿಂತಿದೆ.

ಕಂಪ್ಯೂಟರನ್ನು ಎಷ್ಟು ಕಾದರೂ ತಪ್ಪದ ಮೋಸಗಳೂ ಇವೆ. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವ ವಿಡಿಯೋ ಕರೆಗೆ, ಮದುವೆ ಕರೆಯೋಲೆಯ ವೇಷದಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಕಡತಕ್ಕೆ ನಿಮ್ಮ ಕಂಪ್ಯೂಟರಿನಲ್ಲಿ ಯಾವ ಸಿಸ್ಟಮ್ ಇದೆ ಎಂಬುದು ಲೆಕ್ಕಕ್ಕೇ ಇಲ್ಲ. ಹಣ ಹೋಯಿತೆಂದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದನ್ನು ತಡೆಹಿಡಿಯುವುದು ಕಷ್ಟ.

ಕಂಪ್ಯೂಟರಿನ ಮಟ್ಟಿಗೆ, ತಾಜಾ ಅಪ್‌ಡೇಟ್ ಬರುವ ಸಿಸ್ಟಮ್ ಮೊದಲು, ಆಂಟಿವೈರಸ್ ಆಮೇಲೆ. ನಿಮ್ಮ ಹಳೇ ಯಂತ್ರದಲ್ಲಿರುವ ಫೋಟೋ, ದಾಖಲೆಗಳನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಇದ್ದ ವಿಂಡೋಸನ್ನು ಅಳಿಸದೆಯೇ ಹೀಗೆ ಪರೀಕ್ಷಿಸಬಹುದು. ಪ್ರಿಂಟರ್, ವೈಫೈ, ಕನ್ನಡ ಟೈಪಿಂಗ್ ಸರಿಹೋದರೆ ಹಾಕಿಸಿಕೊಳ್ಳಿ. ನಿಮಗೆ ಬೇಡವೆನಿಸಿದರೂ ದಯವಿಟ್ಟು ಗುಜರಿಗೆ ಹಾಕಬೇಡಿ. ನಿಮ್ಮ ಕಡತಗಳನ್ನು ಪೂರ್ತಿ ಅಳಿಸಿ, ಲಿನಕ್ಸ್ ಹಾಕಿಸಿ, ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಕೊಡಿ.